ಕೂಸಿನ ನರ, ಮುದುಕನ ನರ

ಫಿಜಿಯೋಥೆರಪಿ ಎಂಬ ಪದ ಹುಮನಾಬಾದಿನಲ್ಲಿ ಯಾರ ನಾಲಿಗೆಗೂ ಹೊರಳದ ಕಾಲಕ್ಕೆ ನಾನು ಆ ಕೆಲಸಕ್ಕೆ ಸೇರಿದೆ. ಜನ ನನ್ನನ್ನು ‘ಕರೆಂಟ್ ಹಚ್ಚೋ ಡಾಕ್ಟ್ರು’ ಎನ್ನುತ್ತಿದ್ದರು. ನಾನು ಡಾಕ್ಟರಲ್ಲ ಎಂದು ಮೊದಲ ವರ್ಷ ತಿದ್ದಿದೆ. ಎರಡನೆಯ ವರ್ಷ ತಿದ್ದುವುದನ್ನು ಬಿಟ್ಟೆ. ಮೂರನೆಯ ವರ್ಷಕ್ಕೆ ನನಗೂ ಹಾಗೆಯೇ ಅನ್ನಿಸತೊಡಗಿತ್ತು. ನನ್ನ ತಪ್ಪುಗಳು ಅಲ್ಲಿಂದ ಶುರುವಾದವು ಎಂದರೆ ನಡೆದೀತು.

ಈಗ ಈ ಕೆಲಸಕ್ಕೆ ಬರುತ್ತಿರುವ ಹುಡುಗ ಹುಡುಗಿಯರು ನನ್ನ ಹತ್ತಿರ ಬಂದು ಯಾವ ಯಂತ್ರ ಒಳ್ಳೆಯದು, ಎಲ್ಲಿ ಕೋರ್ಸ್ ಮಾಡಬೇಕು ಎಂದು ಕೇಳುತ್ತಾರೆ. ಯಂತ್ರದ ವಿಷಯ ನನಗಿಂತ ಅವರ ಮೊಬೈಲಿಗೇ ಹೆಚ್ಚು ಗೊತ್ತು. ನಾನು ಹೇಳಬಹುದಾದದ್ದು ಒಂದೇ, ಒಬ್ಬ ಮನುಷ್ಯ ವರ್ಷಗಟ್ಟಲೆ ದುಡಿದೂ ತಲೆಕೆಳಗಾದ ಒಂದು ನಂಬಿಕೆಯನ್ನು ಹೇಗೆ ಜೋಪಾನವಾಗಿ ಇಟ್ಟುಕೊಳ್ಳಬಹುದು ಎನ್ನುವುದು. ಬಡ್ತಿ, ಸನ್ಮಾನ, ಶಾಲು ಹಾಕಿಸಿಕೊಂಡ ಫೋಟೋ ಎಲ್ಲ ಇವೆ. ಅವುಗಳ ಗೊಡವೆ ಇಲ್ಲಿ ಬೇಡ.

ನಮ್ಮದು ಒಂದು ಟ್ರಸ್ಟಿನವರು ನಡೆಸುತ್ತಿದ್ದ ಸಣ್ಣ ಆಸ್ಪತ್ರೆ. ಅದರ ಹೆಸರು ಬರೆಯುವುದಿಲ್ಲ. ರೋಗಿಗಳ ಹೆಸರನ್ನೂ ಬದಲಿಸಿದ್ದೇನೆ. ನಾನು ದಿನಾ ಬಸವಕಲ್ಯಾಣದಿಂದ ಬಸ್ಸಿಗೆ ಬರುತ್ತಿದ್ದೆ. ಹಿಂದಿನ ಬಾಗಿಲಿನ ಪಕ್ಕದ ಕೋಣೆ ನನ್ನದು. ಒಂದು ಮರದ ಮಂಚ, ಗೋಡೆಗೆ ಹೊಡೆದ ರಾಟೆ, ಕರೆಂಟ್ ಕೊಡುವ ಒಂದು ಪೆಟ್ಟಿಗೆ, ಮರಳು ತುಂಬಿದ ಚೀಲಗಳು. ಹೈದರಾಬಾದ್ ರಸ್ತೆಯ ಅಪಘಾತಗಳೇ ಅರ್ಧ ಕೇಸು. ಉಳಿದಂತೆ ಲಕ್ವಾ ಹೊಡೆದವರು, ಗಿಡದಿಂದ ಬಿದ್ದವರು, ಕುಂಡಿಗೆ ಎಲ್ಲೆಂದರಲ್ಲಿ ಚುಚ್ಚಿದ ಸೂಜಿಯಿಂದ ಕಾಲು ಎಳೆಯುವ ಮಕ್ಕಳು.

ನನ್ನ ಮೇಲೆ ಒಬ್ಬ ಎಲುಬಿನ ಡಾಕ್ಟರಿದ್ದರು. ಎಲ್ಲರೂ ಅವರನ್ನು ದೊಡ್ಡ ಡಾಕ್ಟರು ಎನ್ನುತ್ತಿದ್ದೆವು. ಕೈಗುಣ ಒಳ್ಳೆಯದಿತ್ತು, ನಾಲಿಗೆ ಹರಿತವಾಗಿತ್ತು. ಸೇರಿದ ಮೊದಲ ವಾರವೇ ರೋಗಿಯ ಚೀಟಿಯಲ್ಲಿ ವಯಸ್ಸಿನ ಮೇಲೆ ಬೆರಳಿಟ್ಟು ಹೇಳಿದರು, “ಮೊದಲ ಉಮರ್ ನೋಡು. ಉಮರ್ ನೋಡಿದಿ ಅಂದ್ರ ಅರ್ಧಾ ಇಲಾಜ್ ಆದಂಗ. ಹುಡುಗ್ರು ಇದ್ರ ಬಿಟ್ಟಬಿಡು, ತಾನಾಗೇ ಕೂಡ್ತದ. ಮುದುಕ್ರಿದ್ರ ಮೊದಲಾ ಹೇಳಿಬಿಡು, ಆಮ್ಯಾಲ ನಮ್ಮ ಮ್ಯಾಲ ಬರಬಾರ್ದು.”

ಅವರು ಹೇಳಿದ್ದು ಎಲುಬಿನ ವಿಷಯ. ಎಲುಬಿನ ಮಟ್ಟಿಗೆ ಅದರಲ್ಲಿ ತಪ್ಪೇನೂ ಇಲ್ಲ. ಅದನ್ನು ನರಕ್ಕೂ ಎಳೆದು ಹಚ್ಚಿದವನು ನಾನು. ಕೇಸ್ ಪೇಪರಿನಲ್ಲಿ ವಯಸ್ಸಿನ ಕಾಲಂ ಮೇಲೆಯೇ ಇರುತ್ತದೆ. ನನ್ನ ಕಣ್ಣು ಅಲ್ಲಿಗೆ ಹೋಗಿ, ಅಲ್ಲಿಂದಲೇ ಗುಣವಾದೀತೋ ಇಲ್ಲವೋ ಎಂದು ಬರೆಯುವ ಕೊನೆಯ ಸಾಲಿಗೆ ಜಿಗಿಯುತ್ತಿತ್ತು. ನಡುವೆ ಇರುವ ರೋಗಿಯನ್ನು ಆಮೇಲೆ ನೋಡುತ್ತಿದ್ದೆ.

ಸಣ್ಣ ತಪ್ಪುಗಳು ಬೇಕಾದಷ್ಟಿವೆ. ಸಕ್ಕರೆ ಕಾಯಿಲೆಯ ಹೆಂಗಸೊಬ್ಬಳ ಪಾದಕ್ಕೆ ಬಿಸಿ ಚೀಲ ಇಟ್ಟು, ಪಕ್ಕದ ಕೋಣೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದೆ. ಅವಳ ಪಾದಕ್ಕೆ ಸ್ಪರ್ಶಜ್ಞಾನವೇ ಇರಲಿಲ್ಲ. ಸುಡುತ್ತಿದೆ ಎಂದು ಅವಳಿಗೆ ತಿಳಿದದ್ದು ವಾಸನೆಯಿಂದ. “ನೀವಾ ಇಟ್ಟೀರಿ, ಹಿಂಗಾ ಇರ್ತದ ಅನ್ಕೊಂಡೆ” ಎಂದಳು. ಅಂದಿನಿಂದ ಬಿಸಿ ಇಡುವ ಮೊದಲು ಚರ್ಮ ಮುಟ್ಟಿ ಕೇಳುವುದನ್ನು ಕಲಿತೆ. ಆ ಪಾಠಕ್ಕೆ ಬೆಲೆ ತೆತ್ತವಳು ಅವಳು.

ಈಗ ಮುದುಕನ ಕಥೆ. ಮಂಠಾಳದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಶರಣಪ್ಪನವರಿಗೆ ಅರವತ್ತೆಂಟು. ಏಣಿಯಿಂದ ಬಿದ್ದು ತೋಳಿನ ಎಲುಬು ಮುರಿದಿತ್ತು. ಎಲುಬು ಕೂಡಿತು, ಆದರೆ ಎಲುಬಿಗೆ ಸುತ್ತಿಕೊಂಡು ಹೋಗುವ ನರ ಜಜ್ಜಿಹೋಗಿ ಮುಂಗೈ ಜೋತುಬಿದ್ದಿತ್ತು. ನಾನು ವಯಸ್ಸು ನೋಡಿದೆ. “ಶರಣಪ್ಪನೋರೆ, ಈ ಉಮರ್‌ನಾಗ ನರ ವಾಪಸ್ ಬರಂಗಿಲ್ರಿ. ಪಟ್ಟಿ ಕಟ್ಕೊಂಡು ಇರ್ರಿ” ಎಂದೆ.

“ಉಮರ್ ನಂದು. ಅದನ್ನ ನನಗಾ ಹೇಳಾಕ ಮಂಠಾಳದಿಂದ ಕರಸಿದ್ರೇನು?” ಎಂದರು ಅವರು. “ಏನರ ಮಾಡಾಕ ಕೊಡ್ರಿ. ಅಂಗಡ್ಯಾಗ ಕುಂತು ಮಾಡ್ತೇನಿ. ಗಿರಾಕಿ ಇಲ್ಲದಾಗ ನಾ ಏನ ಮಾಡ್ತೇನಿ, ನೊಣಾ ಹೊಡಿತೇನಿ. ಅದರ ಬದಲಿ ಇದಾ ಮಾಡಿದ್ರಾತು.”

ಅವರನ್ನು ಸಾಗಹಾಕಲು ನಾಲ್ಕು ವ್ಯಾಯಾಮ ಹೇಳಿಕೊಟ್ಟೆ. ಅವರು ಸುಮ್ಮನಾಗಲಿಲ್ಲ. ತಿಂಗಳಿಗೊಮ್ಮೆ ಬಂದು ಕೈ ಚಾಚುತ್ತಿದ್ದರು. ನಾನು ಸೊನ್ನೆ ಬರೆಯುತ್ತಿದ್ದೆ. ಸ್ನಾಯುವಿನ ಶಕ್ತಿಗೆ ನಾವು ಸೊನ್ನೆಯಿಂದ ಐದರ ತನಕ ಅಂಕ ಕೊಡುತ್ತೇವೆ. ಸೊನ್ನೆ ಎಂದರೆ ಮಿಸುಕೇ ಇಲ್ಲ, ಐದು ಎಂದರೆ ಪೂರ್ತಿ ಬಲ. ಏಳನೆಯ ತಿಂಗಳು ಒಂದಾಯಿತು. ಹತ್ತನೆಯ ತಿಂಗಳು ಶರಣಪ್ಪನವರು ನನ್ನ ಮೇಜಿನ ಮೇಲಿನ ರಿಜಿಸ್ಟರನ್ನು ಅದೇ ಕೈಯಿಂದ ಎತ್ತಿ, ಮುಂಗೈ ಮೇಲಕ್ಕೆತ್ತಿ ಹಿಡಿದು, “ಇದರಾಗ ಎಷ್ಟು ಬರಿತೀರಿ ಬರೀರಿ” ಎಂದರು. ಕೋಣೆಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಒಳಗೆ ಉರಿಯಿತು. ಗಟ್ಟಿ ಮುದುಕ, ಇದು ಎಲ್ಲೋ ಒಂದು ಎಂದುಕೊಂಡು ಮರೆತೆ. ಎಚ್ಚರವಾಗಬೇಕಿದ್ದದ್ದು ಆ ಹೊತ್ತಿಗೆ.

ಯಾಕೆಂದರೆ ಅದೇ ವರ್ಷ, ಅದೇ ಮಂಚದ ಮೇಲೆ, ಗುರುವಾರ ಗುರುವಾರ ಒಂದು ಕೂಸು ಮಲಗುತ್ತಿತ್ತು.

ದುಬಲಗುಂಡಿಯ ಸುನೀತಾ ಹೊಲದ ಕೂಲಿಗೆ ಹೋಗುತ್ತಿದ್ದ ಹೆಣ್ಣುಮಗಳು. ಗಂಡನೂ ಕೂಲಿಯೇ. ಬೌದ್ಧರ ಮನೆ, ಎರಡನೆಯ ಕೂಸಿಗೆ ಪ್ರಜ್ಞಾ ಎಂದು ಹೆಸರಿಟ್ಟಿದ್ದರು. ಕೂಸು ದಪ್ಪವಿತ್ತು. ಹೆರಿಗೆಯಲ್ಲಿ ಭುಜ ಸಿಕ್ಕಿಕೊಂಡು, ಕೂಸಿನ ಜೀವ ಉಳಿಸಲು ಎಳೆಯದೆ ಬೇರೆ ದಾರಿ ಇರಲಿಲ್ಲ. ಆ ಎಳೆತಕ್ಕೆ ಕುತ್ತಿಗೆಯಿಂದ ಬಲಗೈಗೆ ಇಳಿಯುವ ನರಗಳು ಪೆಟ್ಟು ತಿಂದಿದ್ದವು. ಹತ್ತು ದಿನದ ಕೂಸನ್ನು ಸುನೀತಾಳೂ ಅವಳ ಅತ್ತೆ ಗುಂಡಮ್ಮನೂ ಎತ್ತಿಕೊಂಡು ಬಂದರು. ಬಲಗೈ ಮೈಗೆ ಅಂಟಿ, ಅಂಗೈ ಹಿಂದಕ್ಕೆ ತಿರುಗಿ ಬಿದ್ದಿತ್ತು. ಬೆರಳು ಮಾತ್ರ ಆಡುತ್ತಿದ್ದವು.

ನಾನು ವಯಸ್ಸು ನೋಡಿದೆ. ಹತ್ತು ದಿನ! ಇದಕ್ಕಿಂತ ಒಳ್ಳೆಯ ವಯಸ್ಸು ಯಾವುದಿದ್ದೀತು?

“ಸಣ್ಣ ಕೂಸದ ತಂಗಿ, ತಾನಾಗೇ ಬರ್ತದ. ಬೆರಳು ಆಡಾಕತ್ತಾವಲ್ಲ. ವಾರಕ್ಕೊಮ್ಮಿ ತಗೊಂಡು ಬಾ” ಎಂದೆ.

ಇಂಥ ಕೂಸುಗಳಲ್ಲಿ ಬಹಳಷ್ಟು ತಾವಾಗಿಯೇ ಸುಧಾರಿಸುತ್ತವೆ, ಅದು ಸುಳ್ಳಲ್ಲ. ಕೆಲವು ಸುಧಾರಿಸುವುದಿಲ್ಲ. ಯಾವುದು ಯಾವುದೆಂದು ಮೊದಲ ಮೂರ್ನಾಲ್ಕು ತಿಂಗಳಲ್ಲಿ ಕಣ್ಣಿಟ್ಟು ನೋಡಬೇಕು. ಮೊಣಕೈ ಮಡಚದಿದ್ದರೆ ಕೂಡಲೇ ನರದ ಶಸ್ತ್ರಚಿಕಿತ್ಸೆ ಮಾಡುವವರ ಹತ್ತಿರ ಕಳಿಸಬೇಕು. ಈ ಮಾತು ನನ್ನ ಪುಸ್ತಕದಲ್ಲೇ ಇತ್ತು. ಪರೀಕ್ಷೆಗೆ ಓದಿ, ಬರೆದು, ಪಾಸಾಗಿ ಮರೆತಿದ್ದೆ.

ಸುನೀತಾ ಒಂದು ವಾರವೂ ತಪ್ಪಿಸಲಿಲ್ಲ. ಬಸ್ಸಿನಲ್ಲಿ ಸೀಟು ಸಿಗದಿದ್ದರೆ ನಿಂತೇ ಬರುತ್ತಿದ್ದಳು. ನಾನು ಕೈ ಆಡಿಸಿ, ಮೆಲ್ಲಗೆ ನೀವಿ, ಮನೆಯಲ್ಲಿ ಮಾಡುವುದನ್ನು ತೋರಿಸಿ ಕಳಿಸುತ್ತಿದ್ದೆ. ಎರಡನೆಯ ತಿಂಗಳು ಕೂಸು ಅಳುವಾಗ ಬಲಗೈ ಸ್ವಲ್ಪ ಮೇಲೆ ಬಂದಂತೆ ಕಂಡಿತು. ರಿಜಿಸ್ಟರಿನಲ್ಲಿ ಮೊಣಕೈ ಎಂಬಲ್ಲಿ ಒಂದು ಎಂದು ಬರೆದೆ. ಮೂರನೆಯ ತಿಂಗಳು ಎರಡು ಎಂದು ಬರೆದೆ. ಕೂಸು ಮಾಡುತ್ತಿದ್ದದ್ದು ಬೇರೆ. ಬೆನ್ನಿನ ಮೇಲ್ಭಾಗದ ಭುಜದೆಲುಬನ್ನು ಎಗರಿಸಿದಾಗ ಸತ್ತ ಕೈ ಅದರ ಜೊತೆ ತೂಗಾಡಿ ಮೇಲೆ ಬರುತ್ತದೆ. ಹೊಸಬರು ಮೋಸಹೋಗುವ ಜಾಗ ಅದು. ನಾನು ಹೊಸಬನಾಗಿರಲಿಲ್ಲ. ಬರಬೇಕು ಎಂದುಕೊಂಡದ್ದು ಬಂದಂತೆ ಕಂಡಿತು, ಬರೆದೆ.

ಮೋಸಹೋಗದವಳು ಒಬ್ಬಳಿದ್ದಳು. ಗುಂಡಮ್ಮ ಊರಿನ ಕೂಸುಗಳಿಗೆಲ್ಲ ನೀರು ಹಾಕುವಾಕೆ. ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಹಾಕಿಕೊಂಡು, ಎಣ್ಣೆ ಹಚ್ಚಿ ಬಿಸಿನೀರು ಹೊಯ್ಯುವ ಕೆಲಸದಲ್ಲಿ ಅವಳ ಅರ್ಧ ಆಯುಷ್ಯ ಕಳೆದಿತ್ತು. ಪ್ರಜ್ಞಾಳಿಗೆ ಐದು ತಿಂಗಳಾದಾಗ ಒಂದು ಗುರುವಾರ ಸೊಸೆಯ ಜೊತೆ ಅವಳೂ ಬಂದಳು. ಕೂಸನ್ನು ಮಂಚದ ಮೇಲೆ ಮಲಗಿಸಿ, ಸೆರಗಿನ ತುದಿಯನ್ನು ಅದರ ಮುಖದ ಮೇಲೆ ಹಾಕಿದಳು. ಕೂಸು ಎಡಗೈಯಿಂದ ಸರಕ್ಕನೆ ಎಳೆದು ಕೇಕೆ ಹಾಕಿತು. ಮತ್ತೆ ಸೆರಗು ಹಾಕಿ, ಈ ಸಲ ಎಡಗೈ ಹಿಡಿದುಕೊಂಡಳು. ಬಲಗೈ ಹಾಸಿಗೆಯ ಮೇಲೆ ಬೆರಳಾಡಿಸುತ್ತ ಬಿದ್ದಿತ್ತು. ಕೂಸು ತಲೆ ಅತ್ತಿತ್ತ ಹೊರಳಿಸಿ ಅಳತೊಡಗಿತು.

“ನೋಡ್ರಿ ಸಾಹೇಬ್ರ, ಈ ಕೈ ಮಾರಿ ಮ್ಯಾಲಿನ ಅರಿವಿ ತೆಗಿಯಂಗಿಲ್ಲ. ಇಷ್ಟ ತಿಂಗಳಿನ ಕೂಸುಗೋಳ ಎಲ್ಲಾ ತೆಗಿತಾವ್ರಿ. ಎರಡೂ ಕೈಲೆ ತೆಗಿತಾವ.”

“ಕೂಸಿನ ಮಾರಿ ಮ್ಯಾಲ ಅರಿವಿ ಹಾಕಿ ಉಸುರು ಕಟ್ಟಸ್ತಿಯೇನು ಮುದುಕಿ? ತೆಗಿ ಮೊದಲ” ಎಂದು ಗದರಿಸಿದೆ.

ಅವಳು ಸೆರಗು ತೆಗೆದಳು. ಮುಂದಿನ ಗುರುವಾರದಿಂದ ಅವಳು ಬರಲಿಲ್ಲ, ಸುನೀತಾ ಒಬ್ಬಳೇ ಬಂದಳು. ಬಂದವಳು ನೇರವಾಗಿ ಕೇಳಿದಳು, “ಸರ, ಹೈದ್ರಾಬಾದಿಗೆ ಒಯ್ಯಬೇಕಾಗ್ತದೇನ್ರಿ? ನಮ್ಮ ಅತ್ತಿ ಒಯ್ಯೋಣ ಅನ್ನಾಕತ್ತಾಳ.”

ಬೇಡವೆಂದೆ. ಯಾಕೆ ಬೇಡವೆಂದೆ ಎಂದು ಈಗ ನೆಟ್ಟಗೆ ಹೇಳಿಬಿಡುತ್ತೇನೆ. ಬೇರೆ ಊರಿಗೆ ಚೀಟಿ ಬರೆದುಕೊಡುವುದು ದೊಡ್ಡ ಡಾಕ್ಟರಿಗೆ ಇಷ್ಟವಿರಲಿಲ್ಲ, ಅದು ಒಂದು. ನೀರು ಹಾಕುವ ಮುದುಕಿಯ ಮಾತಿಗೆ ನಾನು ಮಣಿಯಬೇಕೆ ಎನ್ನುವುದು ಇನ್ನೊಂದು. ಎರಡನೆಯದೇ ಹೆಚ್ಚು.

ಪ್ರಜ್ಞಾಳಿಗೆ ಎರಡು ವರ್ಷ ತುಂಬುವ ಹೊತ್ತಿಗೆ ಬಲಗೈ ಎಡಗೈಗಿಂತ ಗಿಡ್ಡವಾಗಿರುವುದು ಯಾರಿಗಾದರೂ ಕಾಣುತ್ತಿತ್ತು. ಸುನೀತಾ ಈ ಸಲ ಕೇಳಲಿಲ್ಲ, ತಿಳಿಸಿದಳು. “ಹೈದ್ರಾಬಾದಿಗೆ ಹೊಂಟೇವ್ರಿ ಸರ. ಅಲ್ಲಿ ಡಾಕ್ಟ್ರು ಹೇಳೋದು ನಮಗ ತಿಳಿಯಂಗಿಲ್ಲ. ನೀವು ಜೋಡಿ ಬರ್ರಿ, ಕಾಲಿಗಿ ಬೀಳ್ತೇನಿ.” ಇಲ್ಲವೆನ್ನಲು ಮುಖವಿರಲಿಲ್ಲ. ಹೋದೆ.

ಅಲ್ಲಿನ ಸರ್ಜನ್ ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಕೂಸಿನ ಅಂಗಿ ಬಿಚ್ಚಿಸಿ ಬೆನ್ನು ನೋಡಿದರು, ಮೊಣಕೈ ಮುಟ್ಟಿದರು. ನಂತರ ಜೇಬಿನಿಂದ ಕರವಸ್ತ್ರ ತೆಗೆದು ಪ್ರಜ್ಞಾಳ ಮುಖದ ಮೇಲೆ ಹಾಕಿ, ಅವಳ ಎಡಗೈ ಹಿಡಿದುಕೊಂಡರು. ಇದು ಆರು ತಿಂಗಳ ಕೂಸಿಗೆ ಮಾಡುವ ಪರೀಕ್ಷೆ, ಆಗ ಯಾರೂ ಮಾಡಲಿಲ್ಲವೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಬಿಚ್ಚಿಟ್ಟಿದ್ದ ಅಂಗಿಯನ್ನು ಎತ್ತಿಕೊಂಡು ಕೂಸಿಗೆ ತೊಡಿಸತೊಡಗಿದೆ.

ಸ್ಕ್ಯಾನ್ ಆಯಿತು. ಆಮೇಲೆ ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ, ಹೊಸಬರಿಗೆ ಬೇಕಾದದ್ದು ಇದೇ. ಕೈಯ ಸ್ನಾಯುವನ್ನು ಆಡಿಸುವ ನರಕೋಶ ಇರುವುದು ಕೈಯಲ್ಲಲ್ಲ, ಕುತ್ತಿಗೆಯ ಹತ್ತಿರ ಬೆನ್ನುಹುರಿಯ ಒಳಗೆ. ಅಲ್ಲಿಂದ ಒಂದು ಉದ್ದ ಎಳೆ ಸ್ನಾಯುವಿನ ತನಕ ಬರುತ್ತದೆ. ದೊಡ್ಡವರಲ್ಲಿ ಆ ಎಳೆ ತೋಳಿನಲ್ಲಿ ಜಜ್ಜಿದರೆ ಕೋಶ ಸಾಮಾನ್ಯವಾಗಿ ಸಾಯುವುದಿಲ್ಲ. ಜೀವ ಹಿಡಿದುಕೊಂಡು ದಿನಕ್ಕೊಂದು ಮಿಲಿಮೀಟರಿನಂತೆ ಎಳೆಯನ್ನು ಮತ್ತೆ ಬೆಳೆಸುತ್ತದೆ. ವಯಸ್ಸಾದಷ್ಟೂ ಬೆಳೆಯುವ ವೇಗ ಕಡಿಮೆ, ಆದರೆ ಕೋಶ ಅಲ್ಲೇ ಇರುತ್ತದೆ. ಶರಣಪ್ಪನವರ ಕೋಶಗಳು ಹಾಗೆ ಕಾದಿದ್ದವು. ಆಗಷ್ಟೇ ಹುಟ್ಟಿದ ಕೂಸಿನ ನರಕೋಶದ ಸ್ಥಿತಿ ಬೇರೆ. ಬದುಕಿ ಉಳಿಯಲು ಅದಕ್ಕೆ ಇನ್ನೂ ಸ್ನಾಯುವಿನ ಕಡೆಯಿಂದ ಪೋಷಣೆ ಬೇಕು. ಆ ಸಂಬಂಧ ಕಡಿದರೆ, ಅದರಲ್ಲೂ ಬುಡದ ಹತ್ತಿರ ಕಿತ್ತರೆ, ಕೋಶವೇ ಸಾಯುತ್ತದೆ. ಸತ್ತ ನರಕೋಶ ಮತ್ತೆ ಹುಟ್ಟುವುದಿಲ್ಲ. ಕೂಸು ಎಷ್ಟು ಎಳೆಯದೋ ಅಪಾಯ ಅಷ್ಟು ಹೆಚ್ಚು. ನಾನು ಅಷ್ಟು ವರ್ಷ ನಂಬಿದ್ದಕ್ಕೆ ಇದು ತಿರುವುಮುರುವು.

ಪ್ರಜ್ಞಾಳ ಎರಡು ನರಗಳು ಬುಡದಿಂದಲೇ ಕಿತ್ತುಬಂದಿದ್ದವು. ನಾನು ಕೇಳಿದೆ, ಮೊದಲೇ ಬಂದಿದ್ದರೆ? ಸರ್ಜನ್ ಕನ್ನಡಕ ತೆಗೆದು ಒರೆಸುತ್ತ ಹೇಳಿದರು, ಸತ್ತ ಕೋಶಗಳನ್ನು ಯಾರೂ ಬದುಕಿಸಲಾರರು, ಆದರೆ ಬೆರಳಿಗೆ ಹೋಗುವ ನರಗಳು ಬದುಕಿವೆ, ಅದರಲ್ಲಿ ಒಂದೆರಡು ಎಳೆ ತಂದು ಮೊಣಕೈ ಮಡಚುವ ಸ್ನಾಯುವಿಗೆ ಜೋಡಿಸಬಹುದಿತ್ತು, ಐದಾರು ತಿಂಗಳಲ್ಲಿ ಬಂದಿದ್ದರೆ ಕೈ ಬಾಯಿಗೆ ಬರುವ ಸಂಭವ ಚೆನ್ನಾಗಿತ್ತು, ಈಗ ಆ ಸ್ನಾಯುವೇ ಒಣಗಿಹೋಗಿದೆ. ಇಷ್ಟನ್ನೂ ಇಂಗ್ಲಿಷಿನಲ್ಲೇ ಹೇಳಿ, ಮುಂದಿನ ರೋಗಿಯನ್ನು ಕರೆದರು.

ಹೊರಗೆ ಬೆಂಚಿನ ಮೇಲೆ ಸುನೀತಾ ನನ್ನ ಬಾಯಿ ನೋಡುತ್ತ ಕೂತಳು. ಗಂಡ ಕೂಸನ್ನು ಎತ್ತಿಕೊಂಡು ಪಕ್ಕದಲ್ಲಿ ನಿಂತಿದ್ದ.

“ಏನಂದ್ರು ಸರ?”

“ಇದು ಮೊದಲಿಂದನೂ ಏನೂ ಮಾಡಾಕ ಬರ್ತಿದ್ದಿಲ್ಲಂತ ತಂಗಿ. ಹುಟ್ಟಿದ ದಿನಾನೇ ಒಯ್ದಿದ್ರೂ ಇಷ್ಟಾ ಇತ್ತಂತ.”

ನನ್ನ ಬಾಯಿಂದ ಅಷ್ಟು ಸಲೀಸಾಗಿ ಬಂದ ವಾಕ್ಯ ಬೇರೊಂದಿಲ್ಲ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, “ಆತು ಬಿಡ್ರಿ. ನಮ್ಮ ಕೈಲಾದದ್ದು ಮಾಡಿದ್ವಿ” ಎಂದಳು. ವಾಪಸು ಬರುವಾಗ ನನಗೆ ಕಿಟಕಿಯ ಪಕ್ಕದ ಸೀಟು ಬಿಟ್ಟುಕೊಟ್ಟರು.

ಆಮೇಲೆ ನಾನು ಓದಿದೆ. ನಾಚಿಕೆಯಿಂದ ಓದಿದಷ್ಟು ಯಾವ ಪರೀಕ್ಷೆಗೂ ಓದಿರಲಿಲ್ಲ. ರಿಜಿಸ್ಟರಿನಲ್ಲಿ ವಯಸ್ಸಿನ ಕಾಲಮ್ಮನ್ನು ಕೊನೆಗೆ ಹಾಕಿಸಿದೆ. ದೊಡ್ಡ ಡಾಕ್ಟರು ನನ್ನ ತಲೆ ಕೆಟ್ಟಿದೆ ಎಂದರು. ಕೈ ಬಿದ್ದ ಕೂಸು ಬಂದರೆ ಮೊದಲ ದಿನವೇ ಹೈದರಾಬಾದಿಗೆ ಚೀಟಿ ಬರೆದುಕೊಡತೊಡಗಿದೆ. ಅವರು ಕೂಗಾಡಿದರು, ನಾನು ಬರೆದೆ. ಹಾಗೆ ಹೋದ ಕೂಸುಗಳಲ್ಲಿ ಕೆಲವರ ಕೈ ಬಂತು. ಅವರ ತಂದೆತಾಯಿ ಪೇಢೆ ತಂದುಕೊಟ್ಟರೆ ಹೊರಗೆ ಕಾಯುತ್ತಿದ್ದ ರೋಗಿಗಳಿಗೆ ಹಂಚಿಬಿಡುತ್ತಿದ್ದೆ. ಒಂದು ಕೂಸಿನ ಕೈ ತೆಗೆದುಕೊಂಡು ಕಲಿತ ವಿದ್ಯೆ ಅದು. ಈಗ ಪರಿಸ್ಥಿತಿ ಉತ್ತಮ. ಬಸವಕಲ್ಯಾಣದ ಆಶಾ ಕಾರ್ಯಕರ್ತೆಯೊಬ್ಬಳು ಮೊನ್ನೆ ನನಗೆ ಒಂದು ಕೂಸಿನ ವೀಡಿಯೋ ಕಳಿಸಿ, ಮೊಣಕೈ ನೋಡಿ ಸರ್ ಎಂದಳು. ಆ ಒಂದು ಮಾತಿಗೆ ನನ್ನ ಕಣ್ಣು ತುಂಬಿತು.

ನಿವೃತ್ತನಾದ ಮರುವರ್ಷ ದುಬಲಗುಂಡಿಗೆ ಹೋದೆ. ಆ ಬೆಂಚಿನ ಮೇಲೆ ಆಡಿದ ಸುಳ್ಳನ್ನು ಸುನೀತಾಳಿಗೆ ಹೇಳಿಬಿಡಬೇಕು, ಬೈಯಲಿ, ಬಾಗಿಲು ಹಾಕಲಿ ಎಂದು ನಿರ್ಧರಿಸಿಯೇ ಹೋದೆ. ಮನೆಯ ಮುಂದಿನ ಕಟ್ಟೆಯ ಮೇಲೆ ಪ್ರಜ್ಞಾ ಓದುತ್ತ ಕೂತಿದ್ದಳು. ಹದಿನಾರರ ಹುಡುಗಿ, ಹುಮನಾಬಾದಿನಲ್ಲಿ ಪಿಯುಸಿ, ವಿಜ್ಞಾನ. ಗಿಡ್ಡನೆಯ ಬಲಗೈಯ ಬೆರಳುಗಳಿಂದ ಹಾಳೆ ಒತ್ತಿ ಹಿಡಿದು ಎಡಗೈಯಲ್ಲಿ ಬರೆಯುತ್ತಿದ್ದಳು. ಗುಂಡಮ್ಮ ತೀರಿಕೊಂಡು ಮೂರು ವರ್ಷವಾಗಿತ್ತು. ಸುನೀತಾ ನನ್ನನ್ನು ಕಂಡು ಹಿಗ್ಗಿ, “ಬರ್ರಿ ಸರ, ಕುಂಡ್ರಿ, ಚಾ ಮಾಡ್ತೇನಿ” ಎಂದು ಒಳಗೆ ಹೋದಳು.

“ಪ್ರಜ್ಞಾ, ನಿಮ್ಮ ಅವ್ವನ ಹತ್ರ ಒಂದು ಮಾತು ಹೇಳೋದದ. ನಿನ್ನ ಕೈ ವಿಷಯ” ಎಂದೆ.

ಅವಳು ಪೆನ್ನು ಇಟ್ಟಳು. “ಗೊತ್ತದ ಸರ್. ಹೈದ್ರಾಬಾದಿನ ಫೈಲ್ ಟ್ರಂಕಿನಾಗದ. ಒಂಬತ್ತನೇ ಕ್ಲಾಸಿನಾಗ ಓದೀನಿ. ತಡಾ ಮಾಡಿ ತಂದಾರ ಅಂತ ಬರದಾರ. ಹಂಗಂದ್ರ ಏನಂತ ನಮ್ಮ ಬಯಾಲಜಿ ಮೇಡಂನ್ನ ಕೇಳೀನಿ.”

ತಪ್ಪಾಯಿತು ಎಂದೆ. ಅದು ಬಾಯಿಂದ ಸರಿಯಾಗಿ ಹೊರಬಂತೋ ಇಲ್ಲವೋ ತಿಳಿಯದು.

“ನನಗ ನಿಮ್ಮ ಮ್ಯಾಲ ಸಿಟ್ಟದ ಸರ್” ಎಂದಳು, ದನಿ ಏರಿಸದೆ. “ಬಾಳ ಅದ. ಆದ್ರ ಅವ್ವಗ ಹೇಳಬ್ಯಾಡ್ರಿ. ಮೊದಲಿಂದನೂ ಏನೂ ಆಗ್ತಿದ್ದಿಲ್ಲ ಅಂತ ಆಕಿ ನಂಬ್ಯಾಳ. ಟೈಮ್ ಇತ್ತು, ಅತ್ತಿ ಹೇಳಿದ್ರೂ ನಾ ಒಯ್ಯಲಿಲ್ಲ ಅಂತ ತಿಳಿದ್ರ ಆಕಿ ನಿಮಗ ಬಯ್ಯಂಗಿಲ್ಲ, ತನಗಾ ಬಯ್ಕೋತಾಳ. ನಿಮಗ ಹಗೂರ ಆಗ್ತದ. ಆಕಿಗ್ಯಾಕ ಆ ಭಾರ?”

ಸುನೀತಾ ಚಹಾ ತಂದಳು. ಮಗಳ ಬೆನ್ನ ಹಿಂದೆ ಕೂತು, ಅವಳ ಬಲ ಭುಜದ ಮೇಲೆ ಕೈಯಿಟ್ಟುಕೊಂಡು ಆಸ್ಪತ್ರೆಯ ಸುದ್ದಿ ಕೇಳಿದಳು. ಆಮೇಲೆ ತಾನಾಗಿಯೇ ಅಂದಳು, “ಮಂದಿ ಈಗೂ ಅಂತಾರ ಸರ, ಸಣ್ಣಾಕಿ ಇದ್ದಾಗನಾ ಒಯ್ದಿದ್ರ ಆಗ್ತಿತ್ತು ಅಂತ. ನಾ ಹೇಳ್ತೇನಿ, ನಮ್ಮ ಸರ ಜೋಡಿ ಬಂದು ಡಾಕ್ಟ್ರನ್ನ ಕೇಳ್ಯಾರ, ಆಗ್ತಿದ್ದಿಲ್ಲಂತ. ಖರೇ ಹೌದಲ್ರಿ?”

ಪ್ರಜ್ಞಾ ನನ್ನನ್ನೇ ನೋಡುತ್ತಿದ್ದಳು.

“ಹೌದು ತಂಗಿ, ಖರೇ” ಎಂದೆ.